ಮಾತಿಲ್ಲದ ನಾಟಕದಲ್ಲಿ ಕಥೆ ಕಳೆದುಹೋಗುವುದು ಎಲ್ಲಿ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ನಮ್ಮ ವಾರ್ಷಿಕೋತ್ಸವಕ್ಕೆ ‘ಕೆರೆಗೆ ಹಾರ’ ಜನಪದ ಕಥನಗೀತೆಯನ್ನು ಇಟ್ಟುಕೊಂಡು ಒಂದು ಗಂಟೆಯ ನಾಟಕ ಬರೆದಿದ್ದೇನೆ. ಅದರಲ್ಲಿ ಒಂದು ಮಾತೂ ಇಲ್ಲ, ಪೂರ್ತಿ ಹಾಡು. 2012ರ ‘ಲೆ ಮಿಸರಾಬ್ಲ್’ ಸಿನಿಮಾ ನೋಡಿದಾಗಿನಿಂದ ಈ ಆಸೆ ಇತ್ತು. 18 ವಿದ್ಯಾರ್ಥಿಗಳಿದ್ದಾರೆ, ಅವರಲ್ಲಿ ಚೆನ್ನಾಗಿ ಹಾಡುವವರು ಐದೇ ಜನ. ಹಾರ್ಮೋನಿಯಂ, ತಬಲಾ, ಕೀಬೋರ್ಡ್ ಇವೆ. ಮೊದಲ ತಾಲೀಮು ನೋಡಿದ ಸಹೋದ್ಯೋಗಿಗಳು ಹಾಡು ಚೆನ್ನಾಗಿವೆ ಅಂದರು. ಆದರೆ ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ “ಇವನ್ಯಾರು? ಅವಳು ಯಾಕೆ ಅಳುತ್ತಿದ್ದಾಳೆ?” ಅಂತ ಕೇಳತೊಡಗಿದರು. ನಮ್ಮೂರಿನ ಹಿರಿಯ ಕಲಾವಿದರೊಬ್ಬರು, “ಇದು ಪರದೇಶದ ಆಪೆರಾ ತಂಗಿ, ನಮ್ಮ ಮಂದಿ ಎದ್ದು ಹೊಕ್ಕಾರ, ಮಾತು ಹಾಕು” ಅನ್ನುತ್ತಾರೆ. ಒಳ್ಳೆಯ ಗಾಯಕರಿಂದ ಮೊದಲೇ ರೆಕಾರ್ಡ್ ಮಾಡಿಸಿ, ಮಕ್ಕಳು ತುಟಿ ಆಡಿಸಿದರೆ ಸಾಕು ಅನ್ನುವುದು ಪ್ರಾಂಶುಪಾಲರ ಸಲಹೆ. ಏನು ಮಾಡಲಿ ಸರ್? ಇದನ್ನು ಕೈಬಿಡುವುದೇ ಒಳ್ಳೆಯದಾ?

ಉತ್ತರ:

ಮೇಡಂ, ನೀವು ಪತ್ರದ ಜೊತೆ ಕಳಿಸಿದ ಎರಡನೇ ದೃಶ್ಯದ ರೆಕಾರ್ಡಿಂಗ್ ಅನ್ನು ಮೂರು ಸಲ ಕೇಳಿದೆ. ನಾಟಕ ಕೈಬಿಡಬೇಡಿ.

ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳು ಸೇರಿಕೊಂಡಿವೆ. ಜನ ಒಂದು ಗಂಟೆ ಬರೀ ಹಾಡು ಕೇಳುತ್ತಾ ಕೂರುತ್ತಾರಾ ಅನ್ನುವುದು ಒಂದು. ಅವರಿಗೆ ಕಥೆ ತಿಳಿಯುತ್ತಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡನೆಯದು ನಿಜವಾದ ತೊಂದರೆ, ನಿಮ್ಮ ಸಹೋದ್ಯೋಗಿಗಳು ಸುಮ್ನೆ ಕೇಳಿಲ್ಲ. ಆದರೆ ನನ್ನ ಪ್ರಕಾರ ಮಾತು ಇಲ್ಲದ್ದರಿಂದ ಆ ತೊಂದರೆ ಬಂದಿಲ್ಲ. ಮಾತು ಮಾಡುತ್ತಿದ್ದ ಕೆಲಸವನ್ನು ನೀವು ಇನ್ನೂ ಯಾರಿಗೂ ವಹಿಸಿಲ್ಲ, ಅದರಿಂದ ಬಂದಿದೆ.

ಹಾಡಿನಲ್ಲೇ ಕಥೆ ಹೇಳುವುದು ಪರದೇಶದ್ದು ಅನ್ನುವ ಮಾತನ್ನು ಮೊದಲು ನೋಡೋಣ. ಗೋವಿನ ಹಾಡು ಕೇಳದೆ ಬೆಳೆದ ಕನ್ನಡದ ಮಗು ಎಷ್ಟಿರಬಹುದು? ಹುಲಿ ಅಡ್ಡಗಟ್ಟುವುದು, ಹಸು ಬೇಡಿಕೊಳ್ಳುವುದು, ಕರುವಿನ ಪ್ರಶ್ನೆ, ತಾಯಿಯ ಉತ್ತರ, ಎಲ್ಲವೂ ಹಾಡಿನಲ್ಲೇ ಇದೆ. ನಡುವೆ ಯಾರೂ ನಿಲ್ಲಿಸಿ ಅರ್ಥ ಹೇಳುವುದಿಲ್ಲ, ಆದರೂ ಮಕ್ಕಳು ಅಳುತ್ತಾರೆ. ನೀವು ಆರಿಸಿಕೊಂಡ ‘ಕೆರೆಗೆ ಹಾರ’ವೂ ಅಂಥದ್ದೇ. ರಂಗದ ಮೇಲೂ ನಮ್ಮಲ್ಲಿ ಇದು ಹೊಸದಲ್ಲ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಗೀತನಾಟಕಗಳನ್ನೇ ಬರೆದರು. 1966ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಪುಸ್ತಕಕ್ಕೆ. ಅವರ ‘ಗೋಕುಲ ನಿರ್ಗಮನ’ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಹಾಗಾಗಿ ಆಮಂತ್ರಣ ಪತ್ರಿಕೆಯಲ್ಲಿ ಧೈರ್ಯವಾಗಿ ‘ಗೀತನಾಟಕ’ ಅಂತಲೇ ಅಚ್ಚು ಹಾಕಿಸಿ.

ಆದರೂ ಆ ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಅವರ ಅನುಭವದಲ್ಲಿ ಒಂದು ಸತ್ಯ ಇದೆ. ನಮ್ಮ ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಯಕ್ಷಗಾನ, ಇವುಗಳಲ್ಲೆಲ್ಲ ಹಾಡಿನ ಬೆನ್ನಿಗೆ ಮಾತು ಬರುತ್ತದೆ. ಯಕ್ಷಗಾನ ಪ್ರಸಂಗದ ಪುಸ್ತಕ ತೆರೆದರೆ ಬಹುಪಾಲು ಪದ್ಯವೇ. ಆದರೆ ಭಾಗವತರು ಪದ ಹಾಡಿ ಮುಗಿಸಿದ ಮೇಲೆ ಪಾತ್ರಧಾರಿ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಬಿಡಿಸುತ್ತಾನೆ. ಗಮಕದಲ್ಲೂ ಹಾಗೆಯೇ. ಗಮಕಿ ಪದ್ಯವನ್ನು ರಾಗದಲ್ಲಿ ಓದುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ಅಂದರೆ ನಮ್ಮ ಪ್ರೇಕ್ಷಕರಿಗೆ ಕಥೆಯನ್ನು ಎರಡು ಸಲ ಬಡಿಸಿ ಅಭ್ಯಾಸ. ಹಾಡಿನಲ್ಲಿ ತಪ್ಪಿಹೋದದ್ದು ಮಾತಿನಲ್ಲಿ ಸಿಗುತ್ತದೆ. ನೀವು ಎರಡನೇ ಬಡಿಸುವಿಕೆಯನ್ನು ತೆಗೆದಿದ್ದೀರಿ. ತೆಗೆಯಬಾರದು ಅಂತೇನಿಲ್ಲ. ಶಿವರಾಮ ಕಾರಂತರೂ ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನು ತೆಗೆದರು. ಆದರೆ ಆ ಕೆಲಸವನ್ನು ಕುಣಿತಕ್ಕೆ, ಅಭಿನಯಕ್ಕೆ ಒಪ್ಪಿಸಿದರು. ನೀವು ಯಾವುದಕ್ಕೆ ಒಪ್ಪಿಸುತ್ತೀರಿ? ನಿಮ್ಮ ಹದಿನೆಂಟು ಮಕ್ಕಳಲ್ಲಿ ಹೆಚ್ಚಿನವರು ನೃತ್ಯ ಕಲಿತವರಲ್ಲ. ಹಾಗಾಗಿ ಹಾಡೇ ಅದನ್ನು ಹೊರಬೇಕು.

ಇನ್ನು ಆಪೆರಾ, ಅಂದರೆ ಯುರೋಪಿನ ಹಾಡಿನ ನಾಟಕದ ವಿಷಯ. ಆಪೆರಾ ಅಂದರೆ ಮಾತೇ ಇರುವುದಿಲ್ಲ, ಮ್ಯೂಸಿಕಲ್ ಅಂದರೆ ಮಾತು ಇರಲೇಬೇಕು ಅಂತ ತುಂಬಾ ಜನ ನಂಬಿದ್ದಾರೆ. ಎರಡೂ ತಪ್ಪು. 1791ರ ಮೊಜಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ ಆಪೆರಾದಲ್ಲಿ ಮಾತುಗಳಿವೆ. ಬಿಜೆಯ ‘ಕಾರ್ಮೆನ್’ 1875ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂದಾಗಲೂ ಮಾತುಗಳಿದ್ದವು. ಇತ್ತ ನೀವು ನೋಡಿದ ‘ಲೆ ಮಿಸರಾಬ್ಲ್’ ಮ್ಯೂಸಿಕಲ್ ಆಗಿದ್ದೂ ಹೆಚ್ಚುಕಡಿಮೆ ಪೂರ್ತಿ ಹಾಡು. ಇಂಥವನ್ನು ಇಂಗ್ಲಿಷಿನವರು ‘ಸಂಗ್ ಥ್ರೂ’ ಅನ್ನುತ್ತಾರೆ.

ಈ ಬಗೆಯ ನಾಟಕಗಳಲ್ಲಿ ಹೆಸರಾದ ಕೆಲವು ಹುಟ್ಟಿದ್ದು ಹೇಗೆ ಅಂತ ನೋಡಿದರೆ ನಿಮಗೆ ಒಂದು ದಾರಿ ಕಾಣುತ್ತದೆ. ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ 1970ರಲ್ಲಿ ಗ್ರಾಮಫೋನ್ ರೆಕಾರ್ಡ್ ಆಗಿ ಬಂತು, ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಹತ್ತಿದ್ದು ಅದರ ಮರುವರ್ಷ. ‘ಎವಿಟಾ’ 1976ರಲ್ಲಿ ರೆಕಾರ್ಡ್, 1978ರಲ್ಲಿ ಲಂಡನ್ನಿನ ರಂಗದಲ್ಲಿ ನಾಟಕ. ‘ಲೆ ಮಿಸರಾಬ್ಲ್’ ಕೂಡ ಮೊದಲು 1980ರ ಫ್ರೆಂಚ್ ಆಲ್ಬಮ್. ಇಂಗ್ಲಿಷಿನಲ್ಲಿ ಲಂಡನ್ನಿಗೆ ಬರುವಷ್ಟರಲ್ಲಿ 1985 ಆಗಿತ್ತು. ಮನೆಯಲ್ಲಿ ಕೂತು ರೆಕಾರ್ಡ್ ಕೇಳುವವನಿಗೆ ವೇಷ ಕಾಣುವುದಿಲ್ಲ, ಮುಖ ಕಾಣುವುದಿಲ್ಲ. ಯಾರು ಬಂದರು, ಏನಾಯಿತು, ಎಲ್ಲವೂ ಕಿವಿಯ ಮೂಲಕವೇ ಹೋಗಬೇಕು. ಆ ಕಟ್ಟುಪಾಡಿನಲ್ಲಿ ಬರೆದ ಹಾಡುಗಳು ಆಮೇಲೆ ರಂಗದ ಮೇಲೂ ಗಟ್ಟಿಯಾಗಿ ನಿಂತವು.

ನೀವೂ ಇದನ್ನೇ ಮಾಡಿ. ಇಡೀ ನಾಟಕವನ್ನು ಹಾರ್ಮೋನಿಯಂ ಒಂದರ ಜೊತೆ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ‘ಕೆರೆಗೆ ಹಾರ’ ಗೊತ್ತಿಲ್ಲದ ಐದು ಜನರಿಗೆ ಕೇಳಿಸಿ. ಹಾಡು ಹೇಗಿದೆ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಕಥೆ ಏನು, ಹೇಳಿ ಅಂತ ಕೇಳಿ. ಅವರು ತಡವರಿಸುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ನೀವು ತಿದ್ದಬೇಕಾದ್ದು ಅಷ್ಟೇ.

ನನ್ನ ಊಹೆಯ ಪ್ರಕಾರ ಮೊದಲ ಗುರುತು ಎರಡನೇ ದೃಶ್ಯಕ್ಕೇ ಬೀಳುತ್ತದೆ. ಅದು ಆರು ನಿಮಿಷದ ಒಂದೇ ಹಾಡು. ಗೌಡ ಕೆರೆ ಕಟ್ಟಿಸಿದ್ದು, ನೀರು ಬಾರದ್ದು, ಜೋಯಿಸರು ಬಲಿ ಕೇಳಿದ್ದು, ಕಿರಿಸೊಸೆ ಭಾಗೀರಥಿ ಅಂತ ತೀರ್ಮಾನವಾದದ್ದು, ಎಲ್ಲವೂ ಅದರೊಳಗಿದೆ. ನಾಲ್ಕು ಚರಣ, ಪ್ರತಿ ಚರಣಕ್ಕೂ ಪಲ್ಲವಿ, ಪಲ್ಲವಿ ಮುಗಿದರೆ ಕೀಬೋರ್ಡ್. ಕೇಳಲು ಇಂಪಾಗಿದೆ. ಆದರೆ ಭಾಗೀರಥಿಯ ಹೆಸರು ಬರುವುದು ಮೂರನೇ ಚರಣದ ನಡುವೆ, ತಬಲಾ ಜೋರಾಗಿ ಉರುಳುವಾಗ. ನಾಟಕದ ಅತಿ ದೊಡ್ಡ ಸುದ್ದಿ ಅಲ್ಲಿ ಮುಳುಗಿಹೋಗಿದೆ. ಆಮೇಲೆ ಅವಳು ಯಾಕೆ ಅಳುತ್ತಿದ್ದಾಳೆ ಅಂತ ಜನ ಕೇಳದೆ ಇನ್ನೇನು ಮಾಡುತ್ತಾರೆ?

ಹಾಡಿನಲ್ಲಿ ಎರಡು ಬಗೆ ಇದೆ ಅಂತ ಇಟ್ಟುಕೊಳ್ಳಿ. ಒಂದು ನಿಲ್ಲುವ ಹಾಡು. ಪಾತ್ರ ತನ್ನ ದುಃಖವನ್ನೋ ಸಂತೋಷವನ್ನೋ ಹಿಡಿದುಕೊಂಡು ಅಲ್ಲೇ ಸುತ್ತುತ್ತದೆ. ಅದಕ್ಕೆ ಪಲ್ಲವಿ ಬೇಕು, ತಾಳ ಬೇಕು, ರಾಗ ಹರಡಬೇಕು. ಇನ್ನೊಂದು ನಡೆಯುವ ಹಾಡು. ಅದು ಸುದ್ದಿ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ, ಮುಂದೆ ಹೋಗುತ್ತದೆ. ಇದು ಮಾತಿನ ಓಟದಲ್ಲೇ ಇರಬೇಕು. ಎರಡು ಮೂರು ಸ್ವರ ಸಾಕು, ತಾಳ ಇಲ್ಲದಿದ್ದರೂ ನಡೆಯುತ್ತದೆ. ಇಟಲಿಯವರು 1600ರ ಸುಮಾರಿಗೆ ಆಪೆರಾ ಕಟ್ಟಲು ಹೊರಟಾಗ ಮೊದಲು ಹುಡುಕಿದ್ದೇ ಈ ನಡೆಯುವ ಹಾಡನ್ನು. ಅದಕ್ಕೆ ರೆಸಿಟೇಟಿವ್ ಅನ್ನುವ ಹೆಸರು ಬಂತು. 1607ರ ಮೊಂಟೆವೆರ್ಡಿಯ ‘ಓರ್ಫೆಯೊ’ದಲ್ಲಿ ಹೆಂಡತಿ ಸತ್ತ ಸುದ್ದಿಯನ್ನು ಗೆಳತಿ ತಂದು ಹೇಳುವುದು ಇಂಥ ಧಾಟಿಯಲ್ಲೇ. ನಾವು ಇದಕ್ಕೆ ಇಟಲಿಗೆ ಹೋಗಬೇಕಿಲ್ಲ. ಕಂಪನಿ ನಾಟಕದ ಕಂದಪದ್ಯ ನಮ್ಮಲ್ಲಿದೆ, ಗಮಕ ಇದೆ. ಗಮಕದಲ್ಲಿ ರಾಗ ಸಾಹಿತ್ಯಕ್ಕೆ ಸೇವೆ ಮಾಡಬೇಕು, ಅದರ ಮೇಲೆ ಸವಾರಿ ಮಾಡಬಾರದು. ಹತ್ತಿರದಲ್ಲಿ ಯಾರಾದರೂ ಗಮಕಿಗಳಿದ್ದರೆ ಮಕ್ಕಳನ್ನು ಎರಡು ಸಂಜೆ ಅವರ ಮುಂದೆ ಕೂರಿಸಿ. ತಿಂಗಳ ತಾಲೀಮಿಗಿಂತ ಅದರಿಂದ ಜಾಸ್ತಿ ಕಲಿಯುತ್ತಾರೆ.

ನಿಮ್ಮ ದೃಶ್ಯದಲ್ಲಿ ನಾನಾದರೆ ಮೂರನೇ ಚರಣವನ್ನು ಪೂರ್ತಿ ಕಿತ್ತು, ತಬಲಾ ನಿಲ್ಲಿಸಿ, ಹಾರ್ಮೋನಿಯಂನ ಷಡ್ಜ ಒಂದನ್ನೇ ಹಿಡಿಸಿ ಹೀಗೆ ಮಾಡುತ್ತೇನೆ. ಮೇಳದವರು, ಅಂದರೆ ಹಿನ್ನೆಲೆಯಲ್ಲಿ ಹಾಡುವ ಗುಂಪು, ಒಂದೇ ಸ್ವರದಲ್ಲಿ: “ಜೋಯಿಸರ ಕೇಳಿ ಬಂದ ಗೌಡ.” ಹಿರಿಸೊಸೆ: “ಏನಂದರು ಮಾವ?” ಗೌಡ: “ಹಿರಿಸೊಸೆ ಬೇಡ ಅಂದರು.” ಮೇಳ: “ಮತ್ಯಾರು?” ಗೌಡ ಉತ್ತರ ಕೊಡಲು ಒಂದು ಉಸಿರು ತಡ ಮಾಡುತ್ತಾನೆ. ಆಮೇಲೆ ಸ್ವರ ಇಳಿಸಿ: “ಕಿರಿಸೊಸೆ.” ಹಾರ್ಮೋನಿಯಂ ಕೂಡ ನಿಲ್ಲಲಿ. ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಅದಾದ ಮೇಲೆ ನಿಮ್ಮ ಪಲ್ಲವಿ ಬಂದರೆ ಅದರ ಒಂದೊಂದು ಪದವೂ ಜನರಿಗೆ ತಾಗುತ್ತದೆ. ಯಾಕೆಂದರೆ ಈಗ ಅವರಿಗೆ ವಿಷಯ ಗೊತ್ತು.

ಇದನ್ನು ನಾನು ಸೋತು ಕಲಿತಿದ್ದೇನೆ. ವರ್ಷಗಳ ಹಿಂದೆ ಒಂದು ಹವ್ಯಾಸಿ ತಂಡಕ್ಕೆ ಪೂರ್ತಿ ಹಾಡಿನ ನಾಟಕಕ್ಕೆ ಸಂಗೀತ ಮಾಡಿದ್ದೆ. ಪ್ರತಿ ಸಾಲಿಗೂ ಪ್ರೀತಿಯಿಂದ ರಾಗ ಹಾಕಿದ್ದೆ. ಪ್ರದರ್ಶನ ಆದಮೇಲೆ ಒಬ್ಬ ಅಜ್ಜಿ ನನ್ನ ಕೈ ಹಿಡಿದು ಹಾಡುಗಳನ್ನು ಹೊಗಳಿದರು. ಆಮೇಲೆ ಮೆಲ್ಲಗೆ, “ಆ ಹುಡುಗ ಕೊನೆಗೆ ಬದುಕಿದನಾ?” ಅಂತ ಕೇಳಿದರು. ಆ ಹುಡುಗನ ಸಾವೇ ನಾಟಕದ ಕೊನೆಯ ಹಾಡಾಗಿತ್ತು. ಅವತ್ತಿನಿಂದ ನಾನು ರಾಗ ಹಾಕುವ ಮುಂಚೆ ಸಾಲನ್ನು ಮಾತಿನ ಹಾಗೆ ಹತ್ತು ಸಲ ಹೇಳಿಕೊಳ್ಳುತ್ತೇನೆ.

ಕನ್ನಡದ್ದೇ ಆದ ಎರಡು ತೊಡಕುಗಳಿವೆ. ಇಂಗ್ಲಿಷ್ ಹಾಡು ಕೇಳಿ ಧಾಟಿ ಕಟ್ಟುವವರು ಇಲ್ಲೇ ಎಡವುತ್ತಾರೆ.

ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದಾ ಅಲ್ಲವಾ ಅನ್ನುವುದೂ ಕೊನೆಗೇ. “ನಾನು ಆ ಕೆರೆಗೆ ಹೋಗ…” ಅನ್ನುವವರೆಗೆ ಕೇಳುಗರಿಗೆ ಏನೂ ತಿಳಿದಿಲ್ಲ. ಹೋಗುತ್ತೇನೆ ಅನ್ನುತ್ತಾಳೋ ಹೋಗಲಾರೆ ಅನ್ನುತ್ತಾಳೋ, ಕಥೆಯ ಗತಿ ಆ ಎರಡು ಅಕ್ಷರದಲ್ಲಿದೆ. ಆದರೆ ಹಾಡುವವರಿಗೆ ಉಸಿರು ಮುಗಿಯುವುದು ಅಲ್ಲೇ, ಧಾಟಿ ತಗ್ಗುವುದೂ ಅಲ್ಲೇ, ಮುಂದಿನ ತಬಲಾ ಏಳುವುದೂ ಅಲ್ಲೇ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಮೂರು ಕಡೆ ಕೊನೆಯ ಪದ ನನಗೆ ಕೇಳಿಸಲೇ ಇಲ್ಲ. ಸಾಲಿನ ಕೊನೆಗೆ ಉಸಿರು ಉಳಿಸಿಕೊಳ್ಳುವುದನ್ನು ಕಲಿಸಿ. ಕೊನೆಯ ಪದ ಪೂರ್ತಿ ಮುಗಿಯುವವರೆಗೆ ತಬಲಾದವರು ಕಾಯಲಿ. ಆಗದಿದ್ದರೆ ಸಾಲನ್ನು ತಿರುಗಿಸಿ ಬರೆಯಿರಿ. “ಹೋಗಲಾರೆ ಅವ್ವ, ಆ ಕೆರೆಗೆ” ಅಂದರೂ ಕನ್ನಡವೇ, ಹಾಡಿಗೆ ಇನ್ನೂ ಚೆಂದ.

ಎರಡನೆಯದು ಹ್ರಸ್ವ ದೀರ್ಘ. ಇಂಗ್ಲಿಷಿನಲ್ಲಿ ಸ್ವರವನ್ನು ಎಳೆದರೆ ಪದದ ಅರ್ಥ ಕೆಡುವುದು ಕಡಿಮೆ. ನಮ್ಮಲ್ಲಿ ‘ಬಿಡು’ ಎಳೆದರೆ ‘ಬೀಡು’, ‘ಕೊಡು’ ಎಳೆದರೆ ‘ಕೋಡು’. ನಿಮ್ಮ ಹುಡುಗಿ “ಹಸಿರು ಬಳೆ ತೊಡಿಸಿರಿ” ಅನ್ನುವಲ್ಲಿ ‘ಬ’ ಮೇಲೆ ಮೂರು ಮಾತ್ರೆ ನಿಂತಿದ್ದಾಳೆ. ನನಗೆ ಕೇಳಿಸಿದ್ದು ‘ಬಾಳೆ’. ಅವಳ ತಪ್ಪಲ್ಲ, ಧಾಟಿಯೇ ಹಾಗಿದೆ. ಎಳೆಯಬೇಕಾದರೆ ಪದದಲ್ಲಿ ಮೊದಲೇ ದೀರ್ಘ ಇರುವಲ್ಲಿ, ಇಲ್ಲವೇ ಪದದ ತುದಿಯಲ್ಲಿ ಎಳೆಯಿರಿ. ಬರೆದವರು ನೀವೇ, ಕನ್ನಡ ಪಾಠ ಮಾಡುವವರೂ ನೀವೇ. ಇದನ್ನು ನಿಮ್ಮಷ್ಟು ಚೆನ್ನಾಗಿ ಇನ್ಯಾರೂ ತಿದ್ದಲಾರರು.

ಇಷ್ಟೆಲ್ಲ ಮಾಡಿದರೂ ಹಾಡಿದ ಪದ ಆಡಿದ ಪದದಷ್ಟು ಸ್ಪಷ್ಟವಾಗುವುದಿಲ್ಲ. ಎಲ್ಲ ಭಾಷೆಯಲ್ಲೂ ಹೀಗೆ. ಆಪೆರಾ ನಡೆಯುವಾಗ ರಂಗದ ಮೇಲ್ಗಡೆ ಸಾಹಿತ್ಯವನ್ನು ಬೆಳಕಿನಲ್ಲಿ ತೋರಿಸುವ ಪದ್ಧತಿಯನ್ನು 1983ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶುರು ಮಾಡಿದರು. ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಆಪೆರಾ ಇಂಗ್ಲಿಷಿನಲ್ಲೇ ಹಾಡಿ, ಇಂಗ್ಲಿಷಿನವರಿಗೇ ಇಂಗ್ಲಿಷ್ ಸಾಲುಗಳನ್ನು ತೋರಿಸುತ್ತದೆ. ನಿಮ್ಮ ಕಾಲೇಜಿನಲ್ಲಿ ಪ್ರೊಜೆಕ್ಟರ್ ಇರಬಹುದು. ಆದರೂ ನಾನು ಬೇಡ ಅನ್ನುತ್ತೇನೆ. ಕಣ್ಣು ಪರದೆಗೆ ಹೋದರೆ ಹುಡುಗಿಯ ಮುಖ ತಪ್ಪಿಹೋಗುತ್ತದೆ. ಒಂದು ಸ್ಲೈಡ್ ತಡವಾದರೂ ಎಲ್ಲ ಕೆಡುತ್ತದೆ. ಅದರ ಬದಲು ಶುರುವಿಗೆ ಮುಂಚೆ ನಾಲ್ಕು ಸಾಲಿನಲ್ಲಿ ಕಥೆ ಹೇಳಿಬಿಡಿ. ಮುಗಿವು ಗೊತ್ತಾದರೆ ಕುತೂಹಲ ಹೋಗುತ್ತದೆ ಅಂತ ಹೆದರಬೇಡಿ. ಪುಣ್ಯಕೋಟಿಯ ಕಥೆ ಗೊತ್ತಿದ್ದೂ ಜನ ಕೇಳುತ್ತಾರಲ್ವಾ? ಕೀಬೋರ್ಡ್ ಮಾತ್ರ ಅರ್ಧ ತಗ್ಗಿಸಿ. ಸಾಧ್ಯವಾದರೆ ನಡೆಯುವ ಹಾಡುಗಳಲ್ಲಿ ಅದು ಬೇಡವೇ ಬೇಡ.

ಈಗ ಪ್ರಾಂಶುಪಾಲರ ಸಲಹೆಗೆ ಬರೋಣ. ಅದರಲ್ಲಿ ಲಾಭ ಇದೆ. ಪದ ಸ್ಪಷ್ಟವಾಗಿ ಕೇಳುತ್ತದೆ, ಹಾಡಲು ಬಾರದ ಮಕ್ಕಳಿಗೂ ಪಾತ್ರ ಸಿಗುತ್ತದೆ. ಸಿನಿಮಾದಲ್ಲಿ ಇದು ಚೆನ್ನಾಗಿ ನಡೆದಿದೆ. 1964ರ ಫ್ರೆಂಚ್ ಸಿನಿಮಾ ‘ಶೆರ್ಬುರ್ಗಿನ ಕೊಡೆಗಳು’ ಪೂರ್ತಿ ಹಾಡು, ಪೆಟ್ರೋಲ್ ಬಂಕಿನ ಮಾತುಕತೆಯೂ ಹಾಡೇ. ಅಲ್ಲಿ ನಟರಿಗೆ ಗಾಯಕರು ಕಂಠ ಕೊಟ್ಟಿದ್ದಾರೆ. ಆದರೆ ನೀವು ನೋಡಿದ ‘ಲೆ ಮಿಸರಾಬ್ಲ್’ ಸಿನಿಮಾದಲ್ಲಿ ಉಲ್ಟಾ ಮಾಡಿದರು. ನಟರು ಚಿತ್ರೀಕರಣದಲ್ಲೇ ಹಾಡಿದರು. ಪಿಯಾನೋದವರು ಅವರ ಓಟಕ್ಕೆ ತಕ್ಕಂತೆ ನುಡಿಸಿದ್ದು ಕಿವಿಯ ಪುಟ್ಟ ಸಾಧನದಲ್ಲಿ ಅವರಿಗೆ ಕೇಳುತ್ತಿತ್ತು. ವಾದ್ಯವೃಂದವನ್ನು ಆಮೇಲೆ ಸೇರಿಸಿದರು. ಬಹುಶಃ ನಿಮ್ಮನ್ನು ಹಿಡಿದು ಕೂರಿಸಿದ್ದು ಆ ಜೀವಂತ ಉಸಿರೇ. ರಂಗದ ಮೇಲೆ ಟ್ರ್ಯಾಕ್ ಹಾಕಿದರೆ ಗೌಡ “ಕಿರಿಸೊಸೆ” ಅನ್ನುವ ಮುಂಚೆ ತಡ ಮಾಡಲಾರ. ಸೆರಗು ಸಿಕ್ಕಿಕೊಂಡರೆ, ಕೊಡ ಜಾರಿದರೆ ಟ್ರ್ಯಾಕ್ ಕಾಯುವುದಿಲ್ಲ. ಕರೆಂಟ್ ಹೋದರಂತೂ ನಾಟಕವೇ ನಿಂತುಹೋಗುತ್ತದೆ.

ಮಾತು ಸೇರಿಸಿದರೆ? ಅದು ಸುಲಭದ ದಾರಿ. ಆದರೆ ಒಮ್ಮೆ ಮಾತು ಶುರುವಾದರೆ ಜನ ಕಥೆಗೆ ಮಾತನ್ನೇ ಕಾಯುತ್ತಾರೆ. ಹಾಡು ಬಂದಾಗ ಇದು ಅಲಂಕಾರ ಅಂತ ಕಿವಿ ಸಡಿಲ ಬಿಡುತ್ತಾರೆ. ಅರ್ಧಂಬರ್ಧ ಸೇರಿಸಿದ ನಾಟಕಗಳು ಸೊರಗಿದ್ದನ್ನು ನಾನು ಜಾಸ್ತಿ ನೋಡಿದ್ದೇನೆ.

ನಾನು ಒಪ್ಪುವ ದಾರಿ ನಮ್ಮ ಭಾಗವತಿಕೆಯದ್ದು. ಆ ಐದು ಜನರನ್ನು ಮೇಳವಾಗಿ ರಂಗದ ಒಂದು ಬದಿಗೆ, ಎಲ್ಲರಿಗೂ ಕಾಣುವ ಹಾಗೆ ಕೂರಿಸಿ. ನಿಲ್ಲುವ ಹಾಡುಗಳನ್ನು, ಕಷ್ಟದ ರಾಗಗಳನ್ನು ಅವರು ಹಾಡಲಿ, ಪಾತ್ರಗಳು ಅಭಿನಯಿಸಲಿ. ಎರಡು ಮೂರು ಸ್ವರದ ನಡೆಯುವ ಹಾಡುಗಳನ್ನು ಪಾತ್ರಗಳೇ ಹಾಡಲಿ. ಅಷ್ಟನ್ನು ಹದಿನೆಂಟು ಜನರೂ ಹಾಡಬಲ್ಲರು. ಭಾಗೀರಥಿ ಮೆಟ್ಟಿಲು ಹತ್ತಿದಂತೆಲ್ಲ ಕೆರೆಯ ನೀರು ಏರುವ ಕೊನೆಯ ಭಾಗವನ್ನು ಇಡೀ ತಂಡಕ್ಕೆ ಕೊಡಿ. ಒಂದೇ ಧಾಟಿ, ಪ್ರತಿ ಮೆಟ್ಟಿಲಿಗೂ ಒಂದೆರಡು ಪದ ಮಾತ್ರ ಬದಲು. ಮೂಲ ಹಾಡಿನ ಕಟ್ಟೇ ಹಾಗಿದೆ. ಅದಕ್ಕೆ ಕೈ ಹಚ್ಚಬೇಡಿ, ಅದಕ್ಕಿಂತ ಒಳ್ಳೆಯದನ್ನು ನಾವು ಯಾರೂ ಬರೆಯಲಾರೆವು. ಈ ದಾರಿಯ ಅಪಾಯ ಏನೆಂದರೆ ಕೆಲವು ಕಡೆ ಜನ ಪಾತ್ರವನ್ನು ಬಿಟ್ಟು ಮೇಳವನ್ನೇ ನೋಡುತ್ತಾರೆ. ಬೆಳಕು ತಗ್ಗಿಸಿ ಸರಿ ಮಾಡಿಕೊಳ್ಳಬಹುದು.

ಶ್ರುತಿಯ ಬಗ್ಗೆ ಒಂದು ಮಾತು. ಹುಡುಗರು, ಹುಡುಗಿಯರು ಎದುರುಬದುರು ಹಾಡುವಾಗ ಒಂದೇ ಶ್ರುತಿ ಇಟ್ಟರೆ ಒಬ್ಬರು ಕಿರುಚಬೇಕು, ಇನ್ನೊಬ್ಬರು ಗೊಣಗಬೇಕು. ಹುಡುಗರಿಗೆ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿ ಇಟ್ಟು, ಹುಡುಗಿಯರಿಗೆ ಅದರ ಪಂಚಮವನ್ನೇ, ಅಂದರೆ ಕಪ್ಪು ನಾಲ್ಕನ್ನು ಷಡ್ಜ ಮಾಡಿ. ಹಿಡಿದ ಶ್ರುತಿ ಬದಲಿಸದೆ ಪ್ರಶ್ನೆ ಉತ್ತರ ಸರಾಗವಾಗಿ ನಡೆಯುತ್ತದೆ. ಕಂಠ ಇನ್ನೂ ಒಡೆಯುತ್ತಿರುವ ಹುಡುಗರಿದ್ದರೆ ಅವರಿಗೆ ಮೇಲಿನ ಸ್ವರ ಕೊಡಬೇಡಿ, ಗಂಟಲು ಕಟ್ಟಿಹೋಗುತ್ತದೆ.

ಒಂದೇ ಒಂದು ಕಡೆ ಮಾತು ಇಡಬಹುದು ಅಂತ ನನ್ನ ಆಸೆ. ಬ್ರಾಡ್‌ವೇಯ ‘ಹ್ಯಾಮಿಲ್ಟನ್’ 2015ರದ್ದು, ಹೆಚ್ಚುಕಡಿಮೆ ಪೂರ್ತಿ ಹಾಡು ಮತ್ತು ರ‍್ಯಾಪ್. ಎರಡೂವರೆ ಗಂಟೆಯಲ್ಲಿ 20,000ಕ್ಕೂ ಹೆಚ್ಚು ಪದಗಳು ಓಡುತ್ತವೆ. ಅದರಲ್ಲಿ ಗೆಳೆಯನ ಸಾವಿನ ಸುದ್ದಿ ಬರುವ ಪುಟ್ಟ ಜಾಗದಲ್ಲಿ ಹಾಡು ನಿಂತು ಮಾತು ಬರುತ್ತದೆ. ಹಾಡುಗಳ ಆಲ್ಬಮ್‌ನಲ್ಲಿ ಅದನ್ನು ಸೇರಿಸಲೇ ಇಲ್ಲ. ನಿಮ್ಮ ನಾಟಕದಲ್ಲಿ ದಂಡಿನಿಂದ ಬಂದ ಮಾದೇವರಾಯ ಹೆಂಡತಿಯನ್ನು ಹುಡುಕುವ ಜಾಗ ಇದೆಯಲ್ಲ, ಅಲ್ಲಿ ಅವನು ಹಾಡದೆ ಬರೀ ದನಿಯಲ್ಲಿ “ಭಾಗೀರಥಿ ಎಲ್ಲಿ?” ಅಂತ ಕೇಳಲಿ. ಒಂದು ಗಂಟೆಯಲ್ಲಿ ಆಡಿದ ಎರಡೇ ಪದ. ಯಾರೂ ಉತ್ತರ ಕೊಡುವುದು ಬೇಡ.

ಆ ಹಿರಿಯ ಕಲಾವಿದರನ್ನು ರೆಕಾರ್ಡ್ ಕೇಳುವ ಐದು ಜನರಲ್ಲಿ ಸೇರಿಸಬೇಡಿ, ಅವರಿಗೆ ಕಥೆ ಬಾಯಿಪಾಠ ಇರುತ್ತದೆ. ಅವರನ್ನು ತಾಲೀಮಿಗೇ ಕರೆಯಿರಿ. ಮೈಕ್ ಇಲ್ಲದೆ ಬಯಲಲ್ಲಿ ಹಿಂದಿನ ಸಾಲಿನವರೆಗೆ ಪದ ಮುಟ್ಟಿಸಿ ಬೆಳೆದವರು ಅವರು. ಸಾಲಿನ ಕೊನೆಯ ಪದ ನುಂಗದೆ ಹಾಡುವುದು ಹೇಗೆ ಅಂತ ಮಕ್ಕಳಿಗೆ ಎರಡು ದಿನ ಹೇಳಿಕೊಡಲು ಕೇಳಿಕೊಳ್ಳಿ. ಬರುತ್ತಾರೆ ಅಂತ ನನ್ನ ನಂಬಿಕೆ. ನಿಮ್ಮನ್ನು ತಂಗಿ ಅಂತ ಕರೆದಿದ್ದಾರಲ್ಲ.